ಪಾರ್ವತಿಬಾಯಿಯ ಅಂಗೈ

ಅಂಗೈಯನ್ನೇ ಗದ್ದುಗೆ ಮಾಡಿಕೊಂಡ ಇಷ್ಟಲಿಂಗಕ್ಕೆ ಶರಣು. ಆ ಲಿಂಗವನ್ನು ಕೈಗಿತ್ತ ಶ್ರೀಗುರುವಿಗೆ ಶರಣು. ಸ್ವಸ್ತಿ ಶ್ರೀ ಶಾಲಿವಾಹನ ಶಕೆ ೧೯೪೭, ವಿಶ್ವಾವಸು ನಾಮ ಸಂವತ್ಸರ, ಉತ್ತರಾಯಣ, ಗ್ರೀಷ್ಮ ಋತು, ಜ್ಯೇಷ್ಠ ಬಹುಳ ಪಂಚಮಿ, ಸೋಮವಾರ. ೧೬ ಜೂನ್ ೨೦೨೫. ಸೋಲಾಪುರ.

ಪೂಜೆ ಎಂದಿನಂತೆ. ನಳಕ್ಕೆ ಇಂದೂ ನೀರಿಲ್ಲ. ಟಾಕಿಯ ತಳದ ನೀರಿನಲ್ಲಿ ಸ್ನಾನ. ಹೆಂಡತಿ ಪಾರ್ವತಿಬಾಯಿಯೂ ಎದುರಿನ ಮಣೆಯಲ್ಲಿ ಕುಳಿತು, ಎಡಗೈಯಲ್ಲಿ ಲಿಂಗವನ್ನಿರಿಸಿಕೊಂಡು ಪೂಜೆ ಮುಗಿಸಿದಳು. ಬಳಿಕ ಆಸ್ಪತ್ರೆ. ಅವಳಿಗೆ ಮೊದಲ ಕೀಮೋ.

ಜಠರದ ಕ್ಯಾನ್ಸರ್. — ಬರೆದೆ. ಮೂರು ವಾರಗಳಿಂದ ‘ಉದರವ್ಯಾಧಿ’ ಎಂದಷ್ಟೇ ಬರೆಯುತ್ತಿದ್ದೆ. ಮುಚ್ಚಿಡುವುದು ಯಾರಿಂದ? ಮಗ ಸಚಿನ, ಸೊಸೆ ಪೂನಮ ಇಬ್ಬರೂ ಮರಾಠಿ ಶಾಲೆಯವರು. ಈ ಮನೆಯಲ್ಲಿ ಕನ್ನಡ ಓದಬಲ್ಲವರು ನಾವು ದಂಪತಿಗಳಿಬ್ಬರೇ. ಅವಳಿಗೋ, ನನಗಿಂತ ಮೊದಲೇ ತಿಳಿದಿತ್ತು.

ಶಸ್ತ್ರವೈದ್ಯರು ಡಾಕ್ಟರ್ ಓಂಕಾರ. ಎಳೆಯ ವಯಸ್ಸು. ಕೈಬಲ ಅಳೆಯುವ, ಹಿಡಿಕೆಯುಳ್ಳ ಒಂದು ಚಿಕ್ಕ ಯಂತ್ರವನ್ನು ಅವಳ ಕೈಗಿತ್ತರು.

“ಆಯೀ, ಎಷ್ಟ ತಾಕತ್ ಅದ ಅಷ್ಟೂ ಹಾಕಿ ಹಿಚಕ್ರಿ.”

ಹಿಚುಕಿದಳು. ಇಪ್ಪತ್ತೊಂದು ಕಿಲೋ. ಡಾಕ್ಟರ ಹುಬ್ಬು ಮೇಲೇರಿತು.

“ಅರೇ ವ್ವಾ! ಈ ವಯಸ್ಸಿನ್ಯಾಗ?”

“ಐವತ್ತ ವರ್ಷ ಜ್ವಾಳದ ರೊಟ್ಟಿ ಬಡದ ಕೈ ಅಪ್ಪಾ ಇದು. ಇವರ ಕೈಯಾಗ ಕೊಟ್ಟ ನೋಡ್ರಿ ಬೇಕಾದ್ರ. ಬರೇ ಪುರಾಣದ ಹಾಳಿ ತಿರುವ್ಯಾರ.”

ನನಗೂ ಕೊಟ್ಟರು. ಬಂದ ಸಂಖ್ಯೆಯನ್ನು ಇಲ್ಲಿ ಬರೆಯಲಾರೆ. ನರ್ಸುಗಳೂ ನಕ್ಕರು.

ಅನಂತರ ಸಿಟಿ ಸ್ಕ್ಯಾನಿನ ಚಿತ್ರ ತೋರಿಸಿದರು. ಬೆನ್ನೆಲುಬಿನ ಇಕ್ಕೆಲಗಳಲ್ಲಿ ಬೂದುಬಣ್ಣದ ಎರಡು ದಿಂಬುಗಳು, ಅವು ಸ್ನಾಯುಗಳಂತೆ. “ಗಂಟು ಎಷ್ಟ ದೊಡ್ಡದು ಅನ್ನೂದು ಒಂದ ಮಾತು, ಕಾಕಾ. ಆದ್ರ ಮೈಯಾಗ ಮಾಂಸ ಎಷ್ಟ ಅದ, ರಕ್ತದಾಗ ಉರಿ ಎಷ್ಟ ಅದ — ಆಪರೇಶನ್ ತಡಕೊಂಡು ಮುಂದ ಎಷ್ಟ ವರ್ಷ ಇರ್ತಾರ ಅನ್ನೂದು ಇವೆರಡರ ಮ್ಯಾಲೂ ಅದ. ಮಾಂಸ ಕರಗಿ ಉರಿ ಏರಿದ್ರ... ತ್ರಾಸ ಆಗ್ತದ.” ಉರಿಯೆಂದರೆ ಜ್ವರವಲ್ಲ, ರೋಗದೊಡನೆ ಹೋರಾಡುತ್ತ ದೇಹವೇ ತನ್ನೊಳಗೆ ಹೊತ್ತಿಸಿಕೊಳ್ಳುವ ಉರಿಯೂತ. ರಕ್ತದ ಬಿಳಿಯ ಕಣಗಳಲ್ಲಿ ಒಂದು ಬಗೆಯವು ಇನ್ನೊಂದನ್ನು ಮೀರಿ ಬೆಳೆದರೆ ಅದರ ಸುಳಿವು ಸಿಗುತ್ತದೆಯಂತೆ. ಇವಳಲ್ಲಿ ಮಾಂಸವಿದೆ. ಉರಿ ಮಿತದಲ್ಲಿದೆ. ನಾಲ್ಕು ಕೀಮೋ, ನಾಲ್ಕು ವಾರ ತಯಾರಿ, ಆಮೇಲೆ ಶಸ್ತ್ರಕ್ರಿಯೆ. ಆಶೆಯಿದೆ ಎಂದರು.

ಮಾಂಸಪಿಂಡವು ಕಳೆದು ಮಂತ್ರಪಿಂಡವಾಗುವ ಬಗೆಯನ್ನು ಶ್ರಾವಣದಿಂದ ಶ್ರಾವಣಕ್ಕೆ ಮಠದಲ್ಲಿ ವಿವರಿಸುತ್ತ ಬಂದವನು ನಾನು. ಇಂದು ಮಾಂಸವೇ ಆಶೆಯೆಂಬ ಮಾತನ್ನು ಕೇಳಿ ಬಂದೆ.

ಸಾಯಂಕಾಲ ಮಠ. ಸ್ವಾಮಿಗಳು ಊರಲ್ಲಿಲ್ಲ. ಗದ್ದುಗೆಯ ಮುಂದೆ, ಕುಳಿತ ಭಕ್ತರೆಲ್ಲ ಕೇಳುವಂತೆ ಹರಕೆ ನುಡಿದೆ — ಪಾರ್ವತಿಬಾಯಿಯ ಪ್ರಾಣಕ್ಕಾಗಿ ಬರುವ ಶ್ರಾವಣ ಪೂರ್ತಿ ನಾವು ದಂಪತಿಗಳು ಒಪ್ಪತ್ತು ನಡೆಸುತ್ತೇವೆ. ಸಾಯಂಕಾಲದ ಪೂಜೆಯಾದ ಮೇಲೆ ಒಂದೇ ಊಟ. ಹಗಲಿಗೆ ನೀರು ಮಾತ್ರ.

ಮನಸ್ಸು ಹಗುರವಾಯಿತು.

೨೦ ಜೂನ್, ಶುಕ್ರವಾರ

ವಾಂತಿ ನಿಂತಿದೆ. ಬೆಳಿಗ್ಗೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು. ಪೂನಮಳ ಕೈಯಲ್ಲ ಅದು, ಅವಳು ಚಪಾತಿಯವಳು. ಎದ್ದು ಓಡಿದೆ. ಹೆಂಚಿನ ಮುಂದೆ ಇವಳೇ!

ರಟ್ಟೆ ಹಿಡಿದು ಎಬ್ಬಿಸಿದೆ. ಪೂನಮಳಿಗೆ ಕಟ್ಟಪ್ಪಣೆ — ಇನ್ನು ಅತ್ತೆ ತಂಬಿಗೆಯನ್ನೂ ಎತ್ತಕೂಡದು. ನೀರು ಹಾಸಿಗೆಗೆ ಬರಬೇಕು, ಊಟ ಹಾಸಿಗೆಗೆ ಬರಬೇಕು. ಜೀವಮಾನವೆಲ್ಲ ಸೇವೆ ಮಾಡಿದವಳು ಸೇವೆ ಪಡೆಯಬೇಕಾದ ಕಾಲವಿದು.

“ಮೂರ್ತಿ ಮಾಡಿ ಕೂಡಸ್ತೀರೇನ್ರಿ ನನ್ನ? ಅಭಿಷೇಕ ಒಂದ ಬಾಕಿ.”

“ಸುಮ್ಮನ ಮಲ್ಕೊ.”

“ಮಲ್ಕೊಂಡ್ರ ತಾಕತ್ ಬರ್ತಿದ್ರ ನಿಮ್ಮ ಮಗ ಇಷ್ಟೊತ್ತಿಗೆ ಪೈಲ್ವಾನ ಆಗ್ತಿದ್ದ.”

ಸಚಿನ ಹಲ್ಲುಜ್ಜುತ್ತ ಬಾಗಿಲಲ್ಲೇ ನಿಂತಿದ್ದ. “ಆಯೀ, ಸಕಾಳಿ ಸಕಾಳಿ ನನ್ನ ಯಾಕ ಎಳೀತಿ?” ಎಲ್ಲರೂ ನಕ್ಕೆವು.

ನಕ್ಕ ಮೇಲೆ ಕಬ್ಬಿಣದ ಹೆಂಚನ್ನು ಅಟ್ಟಕ್ಕೆ ಏರಿಸಿದೆ.

೧ ಜುಲೈ, ಮಂಗಳವಾರ

ನಿನ್ನೆ ಎರಡನೆಯ ಕೀಮೋ. ಬಾಯಿಗೆ ಲೋಹದ ರುಚಿಯಂತೆ, ಏನೂ ಸೇರದು. ತೂಕ ಇಳಿದಿದೆ.

ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹುಡುಗಿ ಉಜ್ವಲಾ. ಮರಾಠಿಯವಳು; ನಮಗಾಗಿ ಕನ್ನಡ ಕೂಡಿಸುತ್ತಾಳೆ. “ಆಜೋಬಾ, ತತ್ತಿ ನಡೀತದ ಏನ್ರಿ?” ಮೊಟ್ಟೆಯ ಮಾತಿಗೆ ಕಿವಿ ಮುಚ್ಚಿಕೊಂಡೆ. “ಬರಂ ಬರಂ, ನಕೋ. ನಿಮ್ದು ಕಾಳಿನ ದುಕಾನ ಅಲ್ಲೇನ್ರಿ? ಹೆಸರು, ಮಡಕಿ, ಕಡ್ಲಿ, ಶೇಂಗಾ, ಮೊಸರು, ಪನೀರ್. ದಿನಾ ಐದಾರ ಸಲ, ಥೋಡೆ ಥೋಡೆ. ಹೊಟ್ಟಿ ರಿಕಾಮಿ ಬಿಡಬಾರ್ದು. ಮತ್ತ ಮಲಗೂದ ಕಮ್ಮಿ. ಕೈಕಾಲಿಗೆ ಕೆಲಸ ಇಲ್ಲ ಅಂದ್ರ ಮಾಂಸ ನಿಲ್ಲೂದಿಲ್ಲ ಆಜೋಬಾ.”

ಪಾರ್ವತಿಬಾಯಿ ನನ್ನ ಮುಖ ನೋಡಿ ನಕ್ಕಳು.

ಹುಡುಗಿ ಓದಿದವಳು. ಆದರೆ ನೊಂದ ಜಠರಕ್ಕೆ ಭಾರ ಹೇರಬಾರದೆಂದು ನಮ್ಮ ಮನೆಯ ನಡೆ. ನನ್ನ ತಂದೆಗೂ ಗಂಜಿ, ಹೆಸರಬೇಳೆಯ ತಿಳಿ. ಇವಳಿಗೂ ಅದೇ. ಮಂಗಳವಾರ ಪೇಟೆಯ ನಮ್ಮ ಅಂಗಡಿಯಲ್ಲಿ ಮೂಟೆ ಮೂಟೆ ಮಡಕಿ ಬಿದ್ದಿದೆ... ಇರಲಿ. ಗುಣವಾದ ಮೇಲೆ ಉಂಡಾಳು.

೧೩ ಜುಲೈ, ರವಿವಾರ

ಇವಳ ತಂಗಿ ಗುರುಬಾಯಿ ಅಕ್ಕಲಕೋಟೆಯಿಂದ ಬಂದಳು. ಅಲ್ಲಿಯ ಹೊಲಮನೆಯವರು; ಮಾತಿಗೆ ತಡೆಯಿಲ್ಲ. ಬಂದವಳೇ ಅಕ್ಕನ ತೋಳು ಹಿಡಿದು ನೋಡಿದಳು.

“ಮಾವಾರ, ಏನ್ ಮಾಡೀರಿ ಇಕಿನ್ನ? ತೋಳು ಹಗ್ಗ ಆಗ್ಯಾದ.”

“ರೋಗ.”

“ರೋಗ ಹೊಟ್ಯಾಗ ಅದ. ತೋಳಿಗೇನ ಧಾಡಿ?”

ನಾಳೆಯ ಮೂರನೆಯ ಕೀಮೋ ಮುಗಿದ ಮೇಲೆ ಕರೆದೊಯ್ಯುತ್ತಾಳಂತೆ. ನಾನು ಒಪ್ಪಲಿಲ್ಲ. ಪಾರ್ವತಿಬಾಯಿಯೇ, “ಹವಾ ಬದಲಾದ್ರ ಬಾಯಿನೂ ಬದಲ್ಯಾದೀತು, ಕಳಸ್ರಿ” ಎಂದಳು. ಏನನ್ನೂ ಕೇಳದವಳು ಕೇಳಿದಳು. ಒಪ್ಪಿದೆ.

೨೩ ಜುಲೈ, ಬುಧವಾರ. ಅಕ್ಕಲಕೋಟೆ

ಎಸ್.ಟಿ. ಬಸ್ಸಿನಲ್ಲಿ ಬಂದೆ. ಅಂಗಳಕ್ಕೆ ಕಾಲಿಡುವ ಮೊದಲೇ ಕಿವಿಗೆ ಬಿತ್ತು — ತಪ್ ತಪ್ ತಪ್.

ಬೇವಿನ ನೆರಳಿನ ಒಲೆಯ ಮುಂದೆ ಪಾರ್ವತಿಬಾಯಿ. ಕೂದಲುದುರಿದ ತಲೆಗೆ ಸೆರಗು. ಮೊಣಕೈವರೆಗೆ ಹಿಟ್ಟು. ಪಕ್ಕದಲ್ಲಿ ಗುರುಬಾಯಿ ಹೆಂಚಿಗೆ ನೀರು ಸವರುತ್ತಿದ್ದಳು.

“ಬಂದ್ರು ನೋಡು ನಿನ್ನ ಪೋಲೀಸ,” ಗುರುಬಾಯಿ.

“ಎರಡನೇದ್ದು ಇದು,” ಇವಳೆಂದಳು ನನಗೆ, ತಪ್ಪಿತಸ್ಥ ಮಗುವಿನಂತಲ್ಲ, ಗೆದ್ದವರಂತೆ. “ಬಡಿಯೂದ ಎರಡು, ತಿನ್ನೂದೂ ಎರಡು. ಕುಂತ ಕುಂತ ಬಡೀತೀನಿ. ದಣಿವಾದ್ರ ಬಿಡ್ತೀನಿ.”

ತಿಂದಳು. ಎರಡು ರೊಟ್ಟಿ, ಮಡಕಿಕಾಳಿನ ಪಲ್ಯ, ಗಟ್ಟಿ ಮೊಸರು. ಬೆಳಿಗ್ಗೆ ಶೇಂಗಾದ ಚಟ್ನಿಪುಡಿ ತಿಂದಿದ್ದಾಳೆ. ಸಂಜೆ ಬಾವಿಯವರೆಗೆ ನಡೆಯುತ್ತಾಳಂತೆ. ಕೆನ್ನೆಗೆ ಬಣ್ಣ ಬಂದಿತ್ತು. ಕಂಡೆ. ಕಂಡರೂ ಸಿಟ್ಟೇ ಬಂತು. ರೋಗಿಯಿಂದ ದುಡಿಸುವ ಮನೆ! ಜನರು ಏನೆಂದಾರು?

ನಾಳೆ ಅಮಾವಾಸ್ಯೆ, ನಾಡಿದ್ದು ಶ್ರಾವಣ. ನಾಳೆ ಬೆಳಿಗ್ಗೆ ಹೊರಡಬೇಕೆಂದೆ.

“ಇನ್ನೊಂದ ಸ್ವಲ್ಪ ದಿವಸ ಬಿಡ್ರಿ ಮಾವಾರ. ಕೀಮೋಕ್ಕ ನಾನ ಕರಕೊಂಡ ಬರ್ತೀನಿ.”

“ಹರಕಿ ಅದ.”

“ಹೊತ್ತವ್ರು ನೀವು. ತೀರಸೂದೂ ನೀವ ತೀರಸ್ರಿ.”

“ದಂಪತಿ ಹರಕಿ ಅದು, ಗುರುಬಾಯಿ. ಅರ್ಧ ಆಗೂದಿಲ್ಲ.”

ಗುರುಬಾಯಿ ಅಕ್ಕನ ಕಡೆ ನೋಡಿದಳು. ಪಾರ್ವತಿಬಾಯಿ ಬಡಿಯುತ್ತಿದ್ದ ರೊಟ್ಟಿಯನ್ನು ಪೂರ್ತಿ ಬಡಿದಳು, ಹೆಂಚಿಗೆ ಹಾಕಿದಳು, ಕೈ ತೊಳೆದಳು.

“ಇರ್ಲಿ ಬಿಡು. ಮಠದಾಗ ನಾಕ ಮಂದಿ ಮುಂದ ಅಂದ ಬಿಟ್ಟಾರ.”

೨೮ ಜುಲೈ. ಶ್ರಾವಣದ ಮೊದಲ ಸೋಮವಾರ

ನಾಲ್ಕನೆಯ ಕೀಮೋ. ಕೊನೆಯದು. ಕೈಬಲ ಇಪ್ಪತ್ತು. ರಕ್ತವೂ ಚೆನ್ನಾಗಿದೆ. ಡಾಕ್ಟರ್ ಓಂಕಾರರು ಎದ್ದು ನಿಂತು ಇವಳಿಗೆ ಕೈಮುಗಿದರು. “ನಮ್ಮ ಅಕ್ಕಲಕೋಟಿ ಹವಾ ಬರೋಬರಿ ಕೆಲಸ ಮಾಡ್ಯಾದ, ಆಯೀ. ಈಗ ಇಪ್ಪತ್ತೆರಡಕ್ಕ ಸ್ಕ್ಯಾನ್. ಅಲ್ಲೀತನಾ ಒಂದ ಕೆಲಸ — ಉಣ್ರಿ, ನಡೀರಿ. ಈ ನಾಕ ವಾರದ ಮ್ಯಾಲೆ ಎಲ್ಲಾ ಅದ.”

ಒಪ್ಪತ್ತಿನ ಮಾತು ನಾನು ತೆಗೆಯಲಿಲ್ಲ. ಅವರೂ ಕೇಳಲಿಲ್ಲ. ವೈದ್ಯರದು ವೈದ್ಯರಿಗೆ, ಗುರುವಿನದು ಗುರುವಿಗೆ. ಒಂದೇ ಊಟವಾದರೂ ತುಪ್ಪದ ಊಟವಾಗಲಿ ಎಂದು ಪೂನಮಳಿಗೆ ಹೇಳಿದ್ದೇನೆ.

೪ ಆಗಸ್ಟ್. ಎರಡನೆಯ ಸೋಮವಾರ

ಮಠದಲ್ಲಿ ದಿನವೂ ಪ್ರವಚನ. ಬರೆಯಲು ಸಮಯವಿಲ್ಲ.

ಒಪ್ಪತ್ತು ಸಾಗಿದೆ. ಸಾಯಂಕಾಲ ಅವಳು ನುಂಗುವುದು ನಾಲ್ಕು ತುತ್ತು. ಮುಂದೆ ಸೇರದಂತೆ. ಹಗಲೆಲ್ಲ ಕಣ್ಣು ಮುಚ್ಚಿ ಮಲಗಿರುತ್ತಾಳೆ. ಜಪವೆಂದು ತಿಳಿದು ಎಬ್ಬಿಸಲಿಲ್ಲ.

೧೧ ಆಗಸ್ಟ್. ಮೂರನೆಯ ಸೋಮವಾರ

ಇಂದು ಬರೆಯಲೇಬೇಕು.

ಪೂಜೆಯಲ್ಲಿ ಕಂಡದ್ದು: ಲಿಂಗವನ್ನಿರಿಸಿದ ಪಾರ್ವತಿಬಾಯಿಯ ಎಡಗೈ ನಡುಗುತ್ತಿತ್ತು. ಹಣೆಯಲ್ಲಿ ಬೆವರು. ಮುಖದ ಬಣ್ಣ ಬಿಳಿಚಿ ಒಂದು ಬಗೆಯ ಕಾಂತಿ. ಮಂತ್ರ ನುಡಿಯುವಾಗ ಸ್ವರ ಒಡೆಯಿತು, ಕಣ್ಣಲ್ಲಿ ನೀರು. ಕಂಪ, ಸ್ವೇದ, ವೈವರ್ಣ್ಯ, ಸ್ವರಭೇದ, ಅಶ್ರು! ಸಾತ್ತ್ವಿಕ ಭಾವಗಳನ್ನು ಇಷ್ಟು ವರ್ಷ ಬಾಯಿಂದ ಹೇಳಿದೆ. ಒಂದೇ ದೇಹದಲ್ಲಿ ಒಟ್ಟಾಗಿ ಮೂಡಿದ್ದನ್ನು ಇಂದು ಕಂಡೆ. ಅದೂ ನನ್ನ ಮನೆಯಲ್ಲಿ, ನನ್ನ ಎದುರಿನ ಮಣೆಯಲ್ಲಿ. ಐವತ್ತು ವರ್ಷ ಅಡುಗೆಮನೆಯ ಹೊಗೆಯಲ್ಲಿದ್ದ ಜೀವ ನನ್ನನ್ನು ದಾಟಿ ಹೋಯಿತಲ್ಲ ಎಂದು ಧನ್ಯತೆ.

ರಾತ್ರಿ ಪ್ರವಚನದಲ್ಲಿ ಹೆಸರು ಹೇಳದೆ ಇದನ್ನೇ ಹೇಳಿದೆ. ಸಭೆ ಕೈಮುಗಿಯಿತು.

ಮನೆಗೆ ಬಂದಾಗ ಪೂನಮ ಬಾಗಿಲಲ್ಲಿ ನಿಂತಿದ್ದಳು. “ಮಾಮಾ, ಅತ್ಯಾರಿಗೆ ದುಪಾರಿ ಹಾಲಾದ್ರೂ ಕೊಡ್ಲ್ಯಾ? ಪುಡಿ ಹಾಕಿ ಕೊಡ್ತೀನಿ, ಉಜ್ವಲಾತಾಯಿ ಕೊಟ್ಟದ್ದು. ಸಂಡಾಸಕ್ಕ ಹೋಗೂಮುಂದ ಗ್ವಾಡಿ ಹಿಡದ ಹೋಗಾಕತ್ಯಾರ.”

“ನೇಮ ಮುಗೀಲಿ. ಇನ್ನೆಷ್ಟ ದಿನ?” ಎಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಚಿಕ್ಕವಳು, ತಿಳಿಯದು.

೧೮ ಆಗಸ್ಟ್. ನಾಲ್ಕನೆಯ ಸೋಮವಾರ

ಲಿಂಗ ಬಿತ್ತು.

ಅವಳ ಅಂಗೈಯಿಂದ ಜಾರಿ, ಮಣೆಯ ಅಂಚಿಗೆ ತಾಗಿ, ನೆಲಕ್ಕೆ. ದೀಕ್ಷೆಯ ದಿನದಿಂದ ಒಮ್ಮೆಯೂ... ನಾನು ಚೀರಿದೆನಂತೆ. ಸಚಿನ ಓಡಿ ಬಂದ. ಬಾಗಿ ಎತ್ತಿಕೊಂಡು ಎದೆಗೊತ್ತಿಕೊಂಡೆ. ಒಡೆದಿರಲಿಲ್ಲ.

ಪಾರ್ವತಿಬಾಯಿ ತನ್ನ ಎಡಗೈಯನ್ನು ಬೇರೊಬ್ಬರ ಕೈಯೆಂಬಂತೆ ನೋಡುತ್ತಿದ್ದಳು.

“ಕೈ ನನ್ನ ಮಾತ ಕೇಳವಲ್ದುರೀ. ಎಂಟ ದಿನ ಆತು. ಹೆಂಗರ ಹಿಡಕೊಂಡಿದ್ದೆ.”

ಎಂಟು ದಿನ. ಹಾಗಾದರೆ ಕಳೆದ ಸೋಮವಾರದ ನಡುಕ —

೧೯ ಆಗಸ್ಟ್

ಮಠಕ್ಕೆ ಹೋದೆ, ಪ್ರವಚನಕ್ಕಲ್ಲ. ಲಿಂಗ ಬಿದ್ದುದಕ್ಕೆ ಪ್ರಾಯಶ್ಚಿತ್ತ ಕೇಳಲು. ಸ್ವಾಮಿಗಳು ಎಲ್ಲವನ್ನೂ ಕೇಳಿದರು. ಕೀಮೋ, ಹರಕೆ, ಒಪ್ಪತ್ತು.

“ರೋಗಿಗೆ ನೇಮ ಇಲ್ಲೋ ಶಾಂತಲಿಂಗಪ್ಪ. ಬಾಣಂತಿಗೆ, ಕೂಸಿಗೆ, ರೋಗಿಗೆ ಇಲ್ಲ. ಇದನ್ನ ನೀನ ಎಷ್ಟ ಮಂದಿಗೆ ಹೇಳೀದಿ ಈ ಕಟ್ಟೀ ಮ್ಯಾಲ ಕುಂತು?”

ಹೇಳಿದ್ದೇನೆ. ಹೌದು. ಪರರ ಹೆಂಡಿರಿಗೆ ಹೇಳಿದ್ದೇನೆ.

“ಒಂದ ಮಾತು ನನ್ನ ಕೇಳಬೇಕಾಗಿತ್ತು. ನೀ ಒಬ್ಬಾಂವ ಉಪವಾಸ ಮಾಡಿದ್ರ ಸಾಕಾಗ್ತಿತ್ತು.” ಆಮೇಲೆ ಮೃದುವಾಗಿ, “ಹೋಗು. ಮೊದಲ ಆಕೀಗೆ ಉಣಸು. ಲಿಂಗ ಎಲ್ಲೂ ಹೋಗಿಲ್ಲ.”

ಮನೆಗೆ ಬಂದು ಪಾರ್ವತಿಬಾಯಿಯ ಪಕ್ಕದಲ್ಲಿ ಕುಳಿತೆ. ನಿನಗೆ ಗೊತ್ತಿತ್ತೇ ಎಂದು ಕೇಳಿದೆ.

“ರೋಗಿಗೆ ಬ್ಯಾಡಂತ ನೀವ ಹೇಳೂದು ಕೇಳೀನಲ್ರಿ.”

“ಮತ್ಯಾಕ ಹಿಡದಿ?”

“ನೀವು ಎಲ್ಲಾರ ಮುಂದ ಹೇಳಿದ್ರಿ. ನಾ ಉಂಡಿದ್ರ ನಿಮ್ಮ ಮಾತು ಬೀಳ್ತಿತ್ತು.” ಆಮೇಲೆ, “ಲಿಂಗಾ ಬಿತ್ತು ನೋಡ್ರಿ ಅದರ ಬದಲಿ.”

ಹಾಲು ಕುಡಿಸಿದೆ. ಎರಡು ಗುಟುಕು. ಮೂರನೆಯದು ಹೊರಗೆ ಬಂತು.

೨೨ ಆಗಸ್ಟ್, ಶುಕ್ರವಾರ

ಸ್ಕ್ಯಾನ್ ಆಯಿತು. ಯಂತ್ರವನ್ನು ಹಿಚುಕಿದಳು. ಹನ್ನೆರಡು. ಡಾಕ್ಟರು ಇನ್ನೊಮ್ಮೆ ಹಿಚುಕಿಸಿದರು. ಹನ್ನೆರಡು ಕೂಡ ಬರಲಿಲ್ಲ.

ಹಳೆಯ ಚಿತ್ರ, ಹೊಸ ಚಿತ್ರ ಒಟ್ಟಿಗೆ ತೋರಿಸಿದರು. ಬೆನ್ನೆಲುಬಿನ ಬದಿಯ ದಿಂಬುಗಳು ಹಿಂಡಿದ ಬಟ್ಟೆಯಂತೆ ಸೊರಗಿವೆ. ರಕ್ತದಲ್ಲಿ ಉರಿ ಏರಿದೆ. ಗಂಟು ಮಾತ್ರ ಕೀಮೋದಿಂದ ಕುಗ್ಗಿದೆ! ಗಂಟು ಕುಗ್ಗಿತು, ದೇಹವೂ ಕುಗ್ಗಿತು.

“ಈಗ ಚಾಕು ಹಚ್ಚಾಕ ಬರಂಗಿಲ್ಲ ಕಾಕಾ. ಕೊಯ್ದ್ರ ಒಳಗಿನ ಹೊಲಿಗಿ ಕೂಡಂಗಿಲ್ಲ. ಹಿಂದಿನ ತಿಂಗಳ ಛಲೋ ಇತ್ತಲ್ಲ, ಏನಾತು?”

“ಒಪ್ಪತ್ತಿನಿಂದ ಆತೇನ್ರಿ?”

“ಯಾವ ಒಪ್ಪತ್ತು?”

ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. “ಮೊದಲ ಹೇಳಿದ್ರ...” ಎಂದು ನಿಲ್ಲಿಸಿದರು. ಬೈಯಲಿಲ್ಲ. ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

“ಅದರಿಂದನ ಅಂತ ಹೇಳಾಕ ಬರ್ದು ಕಾಕಾ. ರೋಗದ ಉರೀನೂ ಮಾಂಸಾ ತಿಂತದ. ಕೀಮೋನೂ ತಿಂತದ. ಉರಿ ಎಷ್ಟ ತಿಂತು, ಉಪಾಸ ಎಷ್ಟ ತಿಂತು — ಅದನ್ನ ಅಳಿಯೂ ಯಂತ್ರ ನನ್ನ ಹತ್ರ ಇಲ್ಲ.”

ಮೂಗಿನಿಂದ ನಳಿಕೆ ಇಳಿಸಿ ಆಹಾರ ಕೊಡುವರು. ಮೂರು ವಾರ ನೋಡೋಣವೆಂದರು.

ಆಗಸ್ಟ್ ಹನ್ನೊಂದರ ಪುಟವನ್ನು ಈಗ ತೆರೆದು ಓದಿದೆ. ನಡುಕ, ಬೆವರು, ಬಿಳಿಚಿದ ಮುಖ, ಒಡೆದ ಸ್ವರ. ಡಾಕ್ಟರೂ ಇವನ್ನೇ ಕೇಳಿದರು, ಒಂದೊಂದಾಗಿ: ಕೈ ನಡುಗ್ತಿತ್ತೇನು? ಬೆವರ ಬರ್ತಿತ್ತೇನು? ಹೌದು, ಹೌದೆನ್ನುತ್ತ ಹೋದೆ. ಹಸಿವು ಅಂಗೈಯಲ್ಲಿ ನಡುಗುತ್ತಿರಲು ಭಕ್ತಿಯೆಂದು ಓದಿದೆ. ಸಭೆಗೂ ಓದಿ ಹೇಳಿದೆ.

ಪುಟವನ್ನು ಹರಿಯಲಿಲ್ಲ. ಇರಲಿ.

೨೭ ಆಗಸ್ಟ್. ಗಣೇಶ ಚತುರ್ಥಿ

ಆಸ್ಪತ್ರೆ. ಹೊರಗೆ ಢೋಲು-ತಾಶಾ. ಮೂಗಿನ ನಳಿಕೆಯಲ್ಲಿ ಹಾಲುಬಣ್ಣದ ದ್ರವ ಇಳಿಯುತ್ತಿದೆ.

ಉಜ್ವಲಾ ಬಂದಾಗ ನಾನೇ ಎದ್ದು ಕೇಳಿದೆ. ತತ್ತಿಯಿಂದ ಏನಾದರೂ ಆಗುವುದಿದ್ದರೆ ಕೊಡಿ, ಪಾಪ ನನಗಿರಲಿ.

ಉಜ್ವಲಾ ಉತ್ತರಿಸುವ ಮೊದಲೇ ಹಾಸಿಗೆಯಿಂದ ದನಿ: “ಇವರು ತತ್ತಿ ತಿನಸಂತಾರ ಅಂದ್ರ ನಾ ಹೋಗೂದು ಪಕ್ಕಾ ಆತು, ಪೋರೀ.”

ಉಜ್ವಲಾ ನಕ್ಕಳು. ಆಮೇಲೆ ಕಿಟಕಿಯ ಕಡೆ ತಿರುಗಿ ನಿಂತಳು.

೧೨ ಸೆಪ್ಟೆಂಬರ್

ಹೊಟ್ಟೆಯಲ್ಲಿ ನೀರು ತುಂಬಿದೆ. ನೀರು ತೆಗೆದು ಪರೀಕ್ಷಿಸಿದರು. ರೋಗ ಹೊಟ್ಟೆಯ ಒಳಪದರಕ್ಕೆ ಹಬ್ಬಿದೆ. ಶಸ್ತ್ರಕ್ರಿಯೆಯ ಮಾತು ಮುಗಿಯಿತು. ಮನೆಗೆ ಕರೆದೊಯ್ಯಿರಿ, ನೋವಿಗೆ ಔಷಧ ಕೊಡುತ್ತೇವೆ.

ಆಗಸ್ಟಿನಲ್ಲೇ ಕೊಯ್ದಿದ್ದರೆ? ಡಾಕ್ಟರ್ ಓಂಕಾರರನ್ನು ಕೇಳಿದೆ. “ಗೊತ್ತಿಲ್ಲ ಕಾಕಾ. ಒಂದ ಅವಕಾಶ ಇತ್ತು. ಅಷ್ಟ ಗೊತ್ತು.”

ಗುರುವಿನ ಗದ್ದುಗೆಯ ಮುಂದೆ ಕುಳಿತೆ. ಕೇಳಲು ಏನೂ ಉಳಿದಿಲ್ಲ. ಬೇಡಿದ್ದನ್ನು ನಾನೇ ಕಸಿದುಕೊಂಡ ಮೇಲೆ ಯಾವ ಬಾಯಿಂದ ಬೇಡಲಿ?

೨೪ ಸೆಪ್ಟೆಂಬರ್, ಬುಧವಾರ

ನಳಿಕೆ ತೆಗೆಸಿಬಿಟ್ಟಿದ್ದಾಳೆ. ಬೆಳಿಗ್ಗೆ ಎಂದಳು: “ಅಟ್ಟದ ಮ್ಯಾಲಿನ ಹೆಂಚ ಇಳಸ್ರಿ.”

ಇಳಿಸಿದೆ. ತುಕ್ಕು ಹಿಡಿದಿತ್ತು. ಪೂನಮ ಉಜ್ಜಿ ಎಣ್ಣೆ ಸವರಿದಳು. ಅಕ್ಕಲಕೋಟೆಯಿಂದ ಬಂದಿರುವ ಗುರುಬಾಯಿ ಹಿಟ್ಟಿಗೆ ಎಸರಿನ ನೀರು ಹಾಕಿ ನಾದಿಕೊಟ್ಟಳು. ಪಾರ್ವತಿಬಾಯಿಯನ್ನು ದಿಂಬಿಗೊರಗಿಸಿ ಅಡುಗೆಮನೆಯ ಬಾಗಿಲಲ್ಲಿ ಕೂರಿಸಿದೆವು. ಹಿಟ್ಟಿನ ಮೇಲೆ ಅಂಗೈ ಇಟ್ಟಳು. ಎತ್ತಲಾಗಲಿಲ್ಲ.

“ನೀವ ಬಡೀರಿ.”

ಎಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಬಾರಿ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕುಳಿತೆ.

“ಗುದ್ದಬ್ಯಾಡ್ರಿ, ಏನ ವೈರಿ ಅದು? ಅಂಚ ನೋಡ್ರಿ. ತಿರುವ್ರಿ. ಆ ಕೈಲೆ ಬಡೀತ ಈ ಕೈಲೆ ತಿರುವಬೇಕು.”

“ಅಕ್ಕಾ, ಭಾರತದ ನಕಾಶಿ ಬಂತು!” ಎಂದಳು ಗುರುಬಾಯಿ.

“ಇರ್ಲಿ, ಲಂಕಾ ಒಂದ ಬ್ಯಾರೇನ ಬಿದ್ದಾದ ನೋಡು ಅಲ್ಲಿ.”

ಎಲ್ಲರೂ ನಕ್ಕರು. ಆ ನಗುವಿನಲ್ಲೇ ನನ್ನ ತೋಳು ಸೋತಿತು. ಒಂದೇ ರೊಟ್ಟಿಗೆ. ಇದನ್ನು ಇವಳು ದಿನಕ್ಕೆ ಎರಡು ಹೊತ್ತು, ಮನೆಮಂದಿಗೆಲ್ಲ, ಐವತ್ತು ವರ್ಷ! ಆ ಬಲವೇ ಯಂತ್ರದಲ್ಲಿ ಇಪ್ಪತ್ತೊಂದೆಂದು ಕಂಡದ್ದು. ಆ ಬಲವೇ ಆಶೆ ಎಂದದ್ದು. ಅದನ್ನೇ ಹಾಸಿಗೆಗೆ ಕಟ್ಟಿಹಾಕಿದೆ. ಉಳಿದದ್ದಕ್ಕೆ ಒಪ್ಪತ್ತು ಹಾಕಿದೆ.

ಸುಟ್ಟ ರೊಟ್ಟಿಯ ಒಂದು ಚೂರನ್ನು ಮೊಸರಿನಲ್ಲಿ ಅದ್ದಿ ಬಾಯಿಗಿಟ್ಟೆ. ಅಗಿದಳು. ನುಂಗಿದಳೋ ಇಲ್ಲವೋ ನೋಡಲಿಲ್ಲ.

“ಉಪ್ಪ ಹಾಕಿಲ್ಲ,” ಎಂದಳು.

೨೯ ಸೆಪ್ಟೆಂಬರ್

ಪೂಜೆ. ಅವಳ ಎಡಗೈಯ ಕೆಳಗೆ ನನ್ನ ಎಡಗೈ. ಅವಳ ಲಿಂಗ ಅವಳ ಅಂಗೈಯಲ್ಲಿ, ಅವಳ ಅಂಗೈ ನನ್ನದರಲ್ಲಿ. ನಡುಕ ಯಾರದೆಂದು ತಿಳಿಯಲಿಲ್ಲ. ಹೀಗೆ ನಾಲ್ಕು ದಿನ. ನನ್ನ ಪೂಜೆ ಆಮೇಲೆ, ಒಬ್ಬನೇ.

ಅಂಗೈಯಲ್ಲಿ ತೂಕವೇ ಇಲ್ಲ ಅವಳಿಗೆ.

ಆಶ್ವಯುಜ ಶುದ್ಧ ದಶಮಿ, ವಿಜಯದಶಮಿ. ಗುರುವಾರ, ೨ ಅಕ್ಟೋಬರ್. ಸಾಯಂಕಾಲ

ಬನ್ನಿ ಕೊಡುವ ದಿನ. ಎಂದಿನಂತೆ ಪಡಸಾಲೆಯಲ್ಲಿ ಕುಳಿತೆ. ಬಂದವರೆಲ್ಲ ಕೈಗೆ ಬನ್ನಿ ಇಟ್ಟು, “ಬಂಗಾರದಂಗ ಇರೂಣು” ಎಂದು ಕಾಲಿಗೆರಗಿದರು. ಹರಸಿದೆ. ಇಂದು ಹರಸಿದ್ದನ್ನು ಇಲ್ಲಿ ಬರೆದಿಡುತ್ತೇನೆ, ಬಾಯಿಂದ ಬಂದುದಕ್ಕೆ ಕೈಯೂ ಸಾಕ್ಷಿಯಾಗಲಿ.

ಮಗ ಸಚಿನನಿಗೆ — ಅಂಗಡಿಯೂ ಮನೆಯೂ ತುಂಬಿರಲಿ. ತಂದೆ ತಪ್ಪಿದಾಗ ಎದುರು ನಿಲ್ಲುವ ಧೈರ್ಯ ನಿನ್ನ ಮಕ್ಕಳಿಗೆ ಬರಲಿ.

ಸೊಸೆ ಪೂನಮಳಿಗೆ — ತಾಯೀ, ನೀನು ಕೇಳಿದ ಆ ಒಂದು ಲೋಟ ಹಾಲು ನಿನ್ನ ಪುಣ್ಯದಲ್ಲಿ ಸೇರಲಿ.

ಗುರುಬಾಯಿಗೆ — ನಿನ್ನ ಅಂಗಳದ ಒಲೆ ಆರದಿರಲಿ. ಅಲ್ಲಿಂದ ಅವಳನ್ನು ನಾನು ತರಬಾರದಿತ್ತು.

ಡಾಕ್ಟರ್ ಓಂಕಾರರಿಗೆ — ರಜೆಯ ದಿನವೂ ಬನ್ನಿ ಹಿಡಿದು ನಮ್ಮ ಮನೆಯ ಮೆಟ್ಟಿಲೇರಿದಿರಿ. ನಿಮ್ಮ ಕೈಯಿಂದ ಬಹಳ ಜೀವಗಳು ಉಳಿಯಲಿ. ಮನೆಯವರು ಬಾಯಿಬಿಡದುದನ್ನು ಕೇಳಿ ತಿಳಿಯುವ ಕಿವಿ ನಿಮಗೆ ಬರಲಿ.

ಉಜ್ವಲಾಳಿಗೆ — ನಿನ್ನ ಮಾತನ್ನು ಕೇಳುವ ಮುದುಕರು ನಿನಗೆ ಸಿಗಲಿ.

ಈ ಊರಿನ ಎಲ್ಲ ರೋಗಿಗಳಿಗೆ ಅನ್ನ ಸೇರಲಿ. ಅವರಿಗಾಗಿ ಹರಕೆ ಹೊತ್ತವರಿಗೆ ಬುದ್ಧಿ ಬರಲಿ. ಸಕಲರಿಗೂ ಕ್ಷೇಮವಾಗಲಿ, ಶಾಂತಿಯಾಗಲಿ.

ಎಲ್ಲರೂ ಹೋದ ಮೇಲೆ ಒಳಗಿನಿಂದ ಕರೆದಳು. “ನನ್ನ ಬಂಗಾರ ತಗೊಳ್ಳೂದಿಲ್ಲೇನ್ರಿ?” ಪೂನಮ ಅವಳ ಅಂಗೈಯಲ್ಲಿ ಎರಡು ಎಲೆ ಇಟ್ಟಿದ್ದಳು. ಮುಷ್ಟಿ ಮುಚ್ಚಲಾಗದೆ ಹಾಗೆಯೇ ಚಾಚಿದಳು. ತೆಗೆದುಕೊಂಡೆ. ದಿಂಬಿನ ಮೇಲೆಯೇ ತಲೆ ಬಾಗಿಸಿ ಕಾದಳು.

ಮದುವೆಯಾದಂದಿನಿಂದ ಪ್ರತಿ ದಸರೆಗೆ ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದ್ದು ಒಂದೇ — ದೀರ್ಘಸುಮಂಗಲೀ ಭವ. ಗಂಡನಿಗಿಂತ ಮೊದಲೇ, ಮುತ್ತೈದೆಯಾಗಿ ಹೋಗು ಎಂದಲ್ಲವೇ ಅದರ ಅರ್ಥ. ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ.

“ಯಾಕ್ರಿ, ಮಂತ್ರ ಮರತ್ರ್ಯಾ?”

ಕೈ ತಲೆಯ ಮೇಲಿತ್ತು. ಬಾಯಿ ಬರಲಿಲ್ಲ. ಅವಳೇ ನಗುತ್ತ, “ಇರ್ಲಿ, ಬರದ ಇಡ್ರಿ, ಆಮ್ಯಾಲ ಓದ್ತೀನಿ” ಎಂದು ಕಣ್ಣು ಮುಚ್ಚಿದಳು. ಉಸಿರು ನಿಧಾನ. ಪಕ್ಕದಲ್ಲೇ ಕುಳಿತು ಬರೆಯುತ್ತಿದ್ದೇನೆ. ಎಡಗೈ ಅವಳ ಕೈಯ ಕೆಳಗಿದೆ.

ಪಾರ್ವತಿಬಾಯಿಗೆ —